ಒಣಗಿಸಿದರೂ ಹೋಗದ ನೀರು

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯವಳು. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಎರಡನೇ ವರ್ಷ. ಅಯಾನಿಕ್ ಲಿಕ್ವಿಡ್ ಕ್ರಿಸ್ಟಲ್‌ಗಳಲ್ಲಿ (ವಿದ್ಯುದಂಶವಿರುವ ಅಯಾನ್ ಕಣಗಳಿಂದಾದ, ದ್ರವದ ಹಾಗೆ ಹರಿದರೂ ಹರಳಿನ ಹಾಗೆ ಕ್ರಮವಾಗಿ ನಿಲ್ಲುವ ವಸ್ತುಗಳು) ನೀರು ಹೇಗೆ ಕೂತಿರುತ್ತದೆ ಅನ್ನುವುದು ನನ್ನ ವಿಷಯ. ಸ್ಯಾಂಪಲ್: 1-ಡೋಡೆಸೈಲ್-3-ಮೀಥೈಲ್ ಇಮಿಡಜೋಲಿಯಂ ಕ್ಲೋರೈಡ್. ಕೆಬಿಆರ್ (ಪೊಟ್ಯಾಸಿಯಂ ಬ್ರೋಮೈಡ್) ಜೊತೆ ಅರೆದು ಒತ್ತಿ ಪೆಲೆಟ್, ಅಂದರೆ ಬಿಲ್ಲೆ, ಮಾಡಿ ಐಆರ್ (ಇನ್‌ಫ್ರಾರೆಡ್ ಬೆಳಕನ್ನು ಎಲ್ಲೆಲ್ಲಿ ಹೀರುತ್ತದೆ ಅನ್ನುವ ಸ್ಪೆಕ್ಟ್ರಮ್) ತೆಗೆದಾಗಲೆಲ್ಲ 3400ರ (ಸೆಂ.ಮೀ.⁻¹; ಐಆರ್ ಅಂಕಿಗಳೆಲ್ಲ ಇದೇ ಅಳತೆಯಲ್ಲಿ) ಹತ್ತಿರ ಅಗಲವಾದ ನೀರಿನ ಬ್ಯಾಂಡ್ ಬರುತ್ತದೆ. ವ್ಯಾಕ್ಯೂಮ್ ಓವನ್‌ನಲ್ಲಿ 60 ಡಿಗ್ರಿಗೆ ಎರಡು ದಿನ ಇಟ್ಟರೂ ಪೂರ್ತಿ ಹೋಗುವುದಿಲ್ಲ. ಏಪ್ರಿಲ್‌ನಲ್ಲಿ ತೆಗೆದ ಸ್ಪೆಕ್ಟ್ರಮ್ ಒಂದು ಥರ, ಆಗಸ್ಟ್‌ನದು ಇನ್ನೊಂದು ಥರ. ಸೀನಿಯರ್ ಒಬ್ಬರು ‘ಸ್ಯಾಂಪಲ್ ಕೆಟ್ಟಿದೆ, ಬಿಸಾಕಿ ಹೊಸದು ಮಾಡು’ ಅಂತಾರೆ. ಇನ್ನೊಬ್ಬರು ‘ಬ್ಯಾಂಡನ್ನು ನಾಲ್ಕು ಪೀಕ್ ಆಗಿ ಒಡೆದು ಬೌಂಡ್ ವಾಟರ್ (ಅಂಟಿಕೊಂಡ ನೀರು), ಫ್ರೀ ವಾಟರ್ (ಬಿಡಿ ನೀರು) ಅಂತ ಹೆಸರಿಟ್ಟು ಪೇಪರ್ ಬರೆ’ ಅಂತಾರೆ. ಈ ನಡುವೆ ಊರಲ್ಲಿ ನಮ್ಮ ಸೋದರಮಾವ ‘ಸ್ಟ್ರಕ್ಚರ್ಡ್ ವಾಟರ್’ ಯಂತ್ರ ಕೊಳ್ಳಲು ಹೊರಟಿದ್ದಾರೆ. ಮಾರುವವನು ‘ಇದು ನೀರನ್ನೇ ಲಿಕ್ವಿಡ್ ಕ್ರಿಸ್ಟಲ್ ಮಾಡುತ್ತೆ’ ಅಂದನಂತೆ. ‘ನೀನು ಓದ್ತಿರೋದೂ ಅದೇ ಅಲ್ವಾ?’ ಅಂತ ಮಾವ ನನ್ನನ್ನೇ ಕೇಳುತ್ತಾರೆ. ಯಾರ ಮಾತು ಕೇಳಲಿ? ಯಾವ ಸ್ಪೆಕ್ಟ್ರೋಸ್ಕೋಪಿ ನಂಬಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಸ್ಯಾಂಪಲ್ ಕೆಟ್ಟಿಲ್ಲ. ಹಾಗಂತ ಈಗಿರುವ ಸ್ಪೆಕ್ಟ್ರಮ್ ಹಿಡಿದುಕೊಂಡು ಪೇಪರ್ ಬರೆಯುವ ಹಾಗೂ ಇಲ್ಲ. ನಿಮ್ಮ ಇಬ್ಬರು ಸೀನಿಯರ್‌ಗಳೂ ಒಂದೇ ಮೆಟ್ಟಿಲು ತಪ್ಪಿಸಿದ್ದಾರೆ. ಸ್ಪೆಕ್ಟ್ರಮ್ ತೆಗೆದ ದಿನ ಅದರಲ್ಲಿ ನೀರು ಎಷ್ಟಿತ್ತು ಅಂತ ಇಬ್ಬರೂ ಕೇಳಿಲ್ಲ. ನಿಮ್ಮ ಪತ್ರದಲ್ಲೂ ಆ ಅಂಕಿ ಇಲ್ಲ.

ನಿಮ್ಮ ಉಪ್ಪಿನ ಸ್ವಭಾವ ನೋಡಿ. ಅದರ ಧನ ಅಯಾನ್‌ಗೆ ಹನ್ನೆರಡು ಕಾರ್ಬನ್‌ನ ಉದ್ದ ಬಾಲ. ಜೊತೆಗೆ ಕ್ಲೋರೈಡ್. ಬಾಲಕ್ಕೆ ನೀರು ಕಂಡರಾಗದು, ತಲೆಗೆ ನೀರೇ ಬೇಕು. ಹಾಗಾಗಿ ಬಾಲಗಳೆಲ್ಲ ಒಂದು ಕಡೆ, ತಲೆಗಳೆಲ್ಲ ಒಂದು ಕಡೆ ಸೇರಿ, ಖಡಕ್ ರೊಟ್ಟಿ ಅಡುಕಿಟ್ಟ ಹಾಗೆ ಪದರ ಪದರವಾಗಿ ಕೂರುತ್ತವೆ. ಗಾಳಿಯಿಂದ ಬಂದ ನೀರು ಹೋಗಿ ಸೇರುವುದು ತಲೆಗಳ ಪದರಕ್ಕೆ, ಕ್ಲೋರೈಡ್ ಪಕ್ಕಕ್ಕೆ.

ಇದನ್ನು ಕಣ್ಣಾರೆ ನೋಡಬೇಕಾ? ಮೋಡ ಕವಿದ ದಿನ, ಓವನ್‌ನಿಂದ ತೆಗೆದ ಪುಡಿಯನ್ನು ಚಿಟಿಕೆಯಷ್ಟು ವಾಚ್ ಗ್ಲಾಸ್ ಮೇಲೆ ಹಾಕಿ ನಾಲ್ಕು ದಶಮಾಂಶದ ಬ್ಯಾಲೆನ್ಸ್ ಮೇಲಿಡಿ. ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಏರುತ್ತಲೇ ಇರುತ್ತದೆ. ನೋಡುತ್ತಿದ್ದಂತೆ ಪುಡಿಯ ಅಂಚು ಮೇಣದ ಹಾಗೆ ಹೊಳೆಯತೊಡಗುತ್ತದೆ, ಸ್ಪ್ಯಾಚುಲಾಗೆ ಅಂಟುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಬೆಲ್ಲ ನೀರೊಡೆಯುತ್ತದಲ್ಲ, ಅದೇ ಕಥೆ. ನೀವು ಓವನ್‌ನಲ್ಲಿ ಎರಡು ದಿನ ಒಣಗಿಸಿದ್ದನ್ನು ಪೆಲೆಟ್ ಅರೆಯುವ ಐದು ನಿಮಿಷದಲ್ಲಿ ಕಳೆದುಕೊಂಡಿರಬಹುದು.

ಇನ್ನೊಂದು ಮಾತು. ಈ ಉಪ್ಪು ಹರಳಾಗುವಾಗ ಒಂದು ಅಯಾನ್ ಜೋಡಿಗೆ ಒಂದು ನೀರಿನ ಅಣುವನ್ನು ಸೇರಿಸಿಕೊಂಡು ಹರಳಾಗುವುದುಂಟು. ಈ ಬಗೆಯ ಉಪ್ಪುಗಳ ಎಕ್ಸ್-ರೇ ರಚನೆಯಲ್ಲಿ ಅದು ಕಂಡಿದೆ. ಸುಮ್ನೆ ಲೆಕ್ಕ ಹಾಕಿ: ಉಪ್ಪಿನ ಅಣುತೂಕ ಸುಮಾರು 287, ನೀರಿನದು 18. ಜೋಡಿಗೊಂದು ನೀರು ಅಂದರೆ ತೂಕದಲ್ಲಿ 5.9%. ಬರೀ 1% ನೀರಿದ್ದರೂ ಆರು ಜೋಡಿಗೆ ಒಂದು ನೀರು. ತೂಕದಲ್ಲಿ ಅಲ್ಪ ಅನ್ನಿಸಿದ್ದು ಅಣುಗಳ ಲೆಕ್ಕಕ್ಕೆ ಬಂದರೆ ಅಲ್ಪವಲ್ಲ.

ನೀರು ಬಂದರೆ ರಚನೆ ಹಾಳು ಅನ್ನುವುದೂ ಎಲ್ಲ ಕಡೆ ನಿಜವಲ್ಲ. ಹತ್ತು ಕಾರ್ಬನ್ ಬಾಲದ ಬ್ರೋಮೈಡ್ ಉಪ್ಪು ಮಾಮೂಲಿ ಉಷ್ಣತೆಯಲ್ಲಿ ದ್ರವ. ಅದಕ್ಕೆ ನೀರು ಹಾಕಿದರೆ ಇನ್ನೂ ತೆಳುವಾಗಬೇಕು ಅಲ್ವಾ? ಆಗುವುದಿಲ್ಲ. 5ರಿಂದ 40% ನೀರಿನ ನಡುವೆ ಅದು ಜೆಲ್ ಆಗಿ ಗಟ್ಟಿ ನಿಲ್ಲುತ್ತದೆ. 2002ರಲ್ಲೇ ಇದು ಪ್ರಕಟವಾಗಿದೆ. ಅಲ್ಲಿ ರಚನೆ ಕಟ್ಟಿದ್ದೇ ನೀರು.

(ಪ್ರಾಗ್ ನಗರದಲ್ಲಿ 1888ರಲ್ಲಿ ಇಬ್ಬರು ತಮ್ಮ ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದರು. ಫ್ರೀಡ್ರಿಕ್ ರೈನಿಟ್ಜರ್ ಕೊಲೆಸ್ಟರಿಲ್ ಬೆಂಜೊಯೇಟ್ ಎರಡು ಸಲ ಕರಗುವುದನ್ನು ಕಂಡರು, ಲಿಕ್ವಿಡ್ ಕ್ರಿಸ್ಟಲ್ ವಿಜ್ಞಾನ ಅಲ್ಲಿಂದ ಶುರು. ಫ್ರಾಂಜ್ ಹಾಫ್‌ಮೈಸ್ಟರ್ ಬೇರೆ ಬೇರೆ ಉಪ್ಪುಗಳು ಪ್ರೋಟೀನನ್ನು ನೀರಿನಿಂದ ಹೊರಗೆ ಹಾಕುವ ಕ್ರಮ ಬರೆದರು. ಅಯಾನ್ ಮತ್ತು ನೀರಿನ ಸಂಬಂಧದ ಮಾತು ಬಂದಾಗ ಇವತ್ತಿಗೂ ಆ ಕ್ರಮದ ಹೆಸರು ಹೇಳುತ್ತೇವೆ. ನಿಮ್ಮ ಸ್ಯಾಂಪಲ್‌ನಲ್ಲಿ ಆ ಎರಡೂ ಸೇರಿವೆ.)

ಈಗ ಏಪ್ರಿಲ್-ಆಗಸ್ಟ್ ಜಗಳ. ಅದು ಸ್ಯಾಂಪಲ್ ತಪ್ಪಲ್ಲ, ನಮ್ಮ ಹವೆಯದು. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ಗಾಳಿ ಒಣಗಿ ತುಟಿ ಒಡೆಯುತ್ತದೆ. ಆಗಸ್ಟ್‌ನಲ್ಲಿ ಹಿಂದಿನ ದಿನ ಒಗೆದ ಅಂಗಿ ಒಣಗಿರುವುದಿಲ್ಲ. ಅದೇ ಬಾಟಲಿ, ಅದೇ ಪುಡಿ, ನೀರು ಮಾತ್ರ ಬೇರೆ. ಜೊತೆಗೆ ಲ್ಯಾಬ್‌ನ ಬಿಸಿಯೂ ಬೇರೆ. ಉಷ್ಣತೆ ಏರಿದಂತೆ ಹೈಡ್ರೋಜನ್ ಬಂಧ (ನೀರಿನ ಹೈಡ್ರೋಜನ್ ಪಕ್ಕದ ಅಣುವನ್ನೋ ಅಯಾನನ್ನೋ ಹಿಡಿಯುವ ಹಿಡಿತ) ಸಡಿಲಾಗಿ ನೀರಿನ ಬ್ಯಾಂಡ್ ಮೇಲಿನ ಅಂಕಿಗೆ ಜರುಗುತ್ತದೆ. ಎರಡೂ ಒಟ್ಟಿಗೆ ಬದಲಾದಾಗ ಯಾವುದು ಯಾವುದರಿಂದ ಅಂತ ಹೇಳಲು ಬರುವುದಿಲ್ಲ.

ಕೆಬಿಆರ್ ವಿಷಯಕ್ಕೆ ಬಂದರೆ ನನ್ನ ಮಾನ ನಾನೇ ಕಳೆದುಕೊಂಡ ಕಥೆ ಹೇಳಬೇಕು. ಬಳ್ಳಾರಿಯಲ್ಲಿ ಪಾಠ ಮಾಡಲು ಶುರು ಮಾಡಿದ ಹೊಸತು. ಮಳೆಗಾಲ. ರಾತ್ರಿ ಕರೆಂಟ್ ಹೋಗಿ ಓವನ್ ಆರಿದೆ, ಬೆಳಿಗ್ಗೆ ಕರೆಂಟ್ ಬಂದು ಮತ್ತೆ ಬಿಸಿಯಾಗಿದೆ. ನಾನು ಕೈ ಮುಟ್ಟಿ ನೋಡಿದೆ, ಬಿಸಿಯಿದೆ, ಸರಿ ಅಂದುಕೊಂಡೆ. ಒಳಗಿದ್ದ ಕೆಬಿಆರ್ ಅರೆದು, ಬಿಲ್ಲೆ ಒತ್ತಿ, ಸ್ಪೆಕ್ಟ್ರಮ್ ತೆಗೆದೆ. 3440ಕ್ಕೆ ಒಂದು ಬ್ಯಾಂಡ್, 1630ಕ್ಕೆ ಒಂದು. ‘ಗಟ್ಟಿಯಾಗಿ ಅಂಟಿಕೊಂಡ ನೀರು’ ಅಂತ ಎರಡು ಪುಟ ಬರೆದು ಕಳಿಸಿದೆ. ರೆಫರಿ (ಪೇಪರ್ ಪರಿಶೀಲಿಸುವವರು) ಒಂದೇ ಸಾಲು ಕೇಳಿದರು: ಖಾಲಿ ಕೆಬಿಆರ್ ಬಿಲ್ಲೆಯ ಸ್ಪೆಕ್ಟ್ರಮ್ ಎಲ್ಲಿ? ತೆಗೆದು ನೋಡಿದೆ. ಅದೇ 3440, ಅದೇ 1630. ನಾನು ಎರಡು ಪುಟ ಹೊಗಳಿದ್ದು ಕೆಬಿಆರ್ ಹೀರಿದ ನೀರನ್ನು.

ಕೆಬಿಆರ್ ಇಷ್ಟಕ್ಕೇ ಬಿಡುವುದಿಲ್ಲ. ಅದರಲ್ಲಿ ಬ್ರೋಮೈಡ್ ಇದೆ, ನಿಮ್ಮದರಲ್ಲಿ ಕ್ಲೋರೈಡ್. ಒದ್ದೆಯಲ್ಲಿ ಅರೆದರೆ ಎರಡೂ ಅದಲು ಬದಲಾಗುತ್ತವೆ. ಇನ್ನು ಟನ್‌ಗಟ್ಟಲೆ ಒತ್ತಡ ಹಾಕಿದ ಮೇಲೆ ನಿಮ್ಮ ಪದರ ಪದರ ರಚನೆ ಎಷ್ಟು ಉಳಿದಿರುತ್ತದೆ? ಲಿಕ್ವಿಡ್ ಕ್ರಿಸ್ಟಲ್‌ನಲ್ಲಿ ನೀರು ನೋಡಲು ಕೆಬಿಆರ್ ಪೆಲೆಟ್‌ಗಿಂತ ಕೆಟ್ಟ ದಾರಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಹಳೆಯ ಪೆಲೆಟ್ ಸ್ಪೆಕ್ಟ್ರಮ್‌ಗಳನ್ನು ಫೋಲ್ಡರ್‌ನಲ್ಲಿ ಇಟ್ಟಿರಿ, ಥೀಸಿಸ್‌ಗೆ ತರಬೇಡಿ.

ಬದಲಿಗೆ ಎರಡು ಕ್ಯಾಲ್ಸಿಯಂ ಫ್ಲೋರೈಡ್ ಕಿಟಕಿ ತರಿಸಿಕೊಳ್ಳಿ. ನೀರಿಗೆ ಕರಗುವುದಿಲ್ಲ, 1100ರವರೆಗೆ ಪಾರದರ್ಶಕ. ನಡುವೆ ಸ್ಯಾಂಪಲ್ ಇಟ್ಟು ಬಿಸಿ ಮಾಡಿ ತೆಳ್ಳಗೆ ಒತ್ತಿ. ಫಿಲ್ಮ್ ಕೆಲವೇ ಮೈಕ್ರಾನ್ ಇರಬೇಕು. ದಪ್ಪವಾದರೆ ಬ್ಯಾಂಡಿನ ತಲೆ ಚಪ್ಪಟೆಯಾಗುತ್ತದೆ. ಅಂಚು ಸೀಲ್ ಮಾಡಿದರೆ ಒಳಗಿನ ನೀರು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ಬೇರೆ ಲ್ಯಾಬ್‌ನಲ್ಲಿ ಎಟಿಆರ್ (ಸ್ಯಾಂಪಲನ್ನು ಒಂದು ಹರಳಿನ ಮೇಲೆ ಒತ್ತಿ ಐಆರ್ ತೆಗೆಯುವ ಸಾಧನ) ಸಿಕ್ಕರೆ ಬೇಡ ಅನ್ನಬೇಡಿ, ಕೆಲಸ ಸಲೀಸು. ಆದರೆ ಅಲ್ಲಿ ಸ್ಯಾಂಪಲ್ ಗಾಳಿಗೆ ತೆರೆದಿರುತ್ತದೆ. ಬೆಳಕು ನೋಡುವುದೂ ಮೇಲ್ಮೈಗೆ ಅಂಟಿದ ಒಂದೆರಡು ಮೈಕ್ರಾನ್ ಮಾತ್ರ. 3600ರಿಂದ 3900ರ ನಡುವೆ ಸಣ್ಣ ಸಣ್ಣ ಮುಳ್ಳು ಕಂಡರೆ ಅದು ಯಂತ್ರದೊಳಗಿನ ಗಾಳಿಯ ಆವಿ. 2350ರ ಜೋಡಿ ಕಾರ್ಬನ್ ಡೈಆಕ್ಸೈಡ್. ಇವೆರಡನ್ನು ‘ಫ್ರೀ ವಾಟರ್’ ಅಂತ ಬರೆದವರನ್ನೂ ನೋಡಿದ್ದೇನೆ.

ಈಗ 3400ರ ಬ್ಯಾಂಡ್ ಏನು ಹೇಳುತ್ತದೆ ನೋಡೋಣ. ಆವಿಯಲ್ಲಿ ಒಂಟಿ ನೀರಿನ ಅಣು 3657 ಮತ್ತು 3756ಕ್ಕೆ ಕಂಪಿಸುತ್ತದೆ. ಲೋಟದ ನೀರಿನಲ್ಲಿ ಅದು 3400ರ ಸುತ್ತ. ಮಂಜುಗಡ್ಡೆಯಲ್ಲಿ 3220ರ ಹತ್ತಿರ. ಅಂಕಿ ಇಳಿದಷ್ಟೂ ಹೈಡ್ರೋಜನ್ ಬಂಧ ಗಟ್ಟಿ. ಅಂದರೆ ಈ ಬ್ಯಾಂಡಿನ ಜಾಗ ನೋಡಿ ನೀರು ಯಾರ ಕೈ ಹಿಡಿದಿದೆ, ಎಷ್ಟು ಬಿಗಿಯಾಗಿ ಹಿಡಿದಿದೆ ಅಂತ ಊಹಿಸುತ್ತೇವೆ.

ಅಯಾನಿಕ್ ದ್ರವಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹೆಕ್ಸಾಫ್ಲೋರೋಫಾಸ್ಫೇಟ್ ಇರುವ ದ್ರವದಲ್ಲಿ ಸ್ವಲ್ಪ ನೀರು ಇದ್ದರೆ 3672 ಮತ್ತು 3595ರ ಹತ್ತಿರ ಎರಡು ಚೂಪು ಪೀಕ್ ಬರುತ್ತವೆ. ಒಂದು ನೀರು ಎರಡು ಕೈಯಲ್ಲಿ ಎರಡು ಋಣ ಅಯಾನ್‌ಗಳನ್ನು ಸಡಿಲವಾಗಿ ಹಿಡಿದು ನಿಂತಿದೆ, ಪಕ್ಕದಲ್ಲಿ ಬೇರೆ ನೀರಿಲ್ಲ ಅಂತ ಅರ್ಥ. ಆದರೆ ನಿಮ್ಮದು ಕ್ಲೋರೈಡ್. ಅದು ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಹೆಚ್ಚೂಕಡಿಮೆ ನೀರು ನೀರನ್ನು ಹಿಡಿದಷ್ಟೇ. ಹಾಗಾಗಿ ಒಂಟಿ ನೀರು ಕ್ಲೋರೈಡ್ ಜೊತೆ ಇದ್ದರೂ ಬ್ಯಾಂಡ್ ಬರುವುದು 3400ರ ಆಸುಪಾಸಿಗೇ. ‘3400ಕ್ಕೆ ಬಂತು, ಆದ್ದರಿಂದ ಸಾಮಾನ್ಯ ನೀರಿನ ಹನಿಗಳಿವೆ’ ಅನ್ನುವ ತೀರ್ಮಾನ ಇಲ್ಲಿ ನಿಲ್ಲುವುದಿಲ್ಲ. ಈ ಹಳ್ಳಕ್ಕೆ ಬಿದ್ದವರು ಜಾಸ್ತಿ.

ಆಮೇಲೆ ನಾಲ್ಕು ಪೀಕ್ ಒಡೆಯುವ ಸಲಹೆ. ಸಾಫ್ಟ್‌ವೇರ್‌ಗೆ ನಾಲ್ಕು ಕೇಳಿದರೆ ನಾಲ್ಕು ಕೊಡುತ್ತದೆ, ಏಳು ಕೇಳಿದರೆ ಏಳು ಕೊಡುತ್ತದೆ. ಎರಡೂ ಸಲ ಗೆರೆ ಚೆಂದವಾಗಿ ಕೂರುತ್ತದೆ. ಆ ಅಗಲವಾದ ಬ್ಯಾಂಡಿನೊಳಗೆ ಬಂಧದ ಬಿಗಿಯ ಎಲ್ಲ ಮಟ್ಟಗಳೂ ಬೆರೆತಿವೆ. ಒಂದೇ ಅಣುವಿನ ಎರಡು ಒ-ಎಚ್ ಕೈಗಳು ಪರಸ್ಪರ ಜಗ್ಗಾಡುತ್ತವೆ. ನೀರಿನ ಬಾಗುವ ಕಂಪನ 1640ರಲ್ಲಿದೆ, ಅದರ ಎರಡರಷ್ಟು 3280, ಅದೂ ಇದೇ ಬ್ಯಾಂಡಿನ ಹೊಟ್ಟೆಯೊಳಗೆ. ಸಾಲದ್ದಕ್ಕೆ 3050ರಿಂದ 3170ರವರೆಗೆ ಇಮಿಡಜೋಲಿಯಂ ಉಂಗುರದ ಸಿ-ಎಚ್ ಪೀಕ್‌ಗಳು. ಇಷ್ಟು ಜನ ಕೂತ ಬಸ್ಸಿನಲ್ಲಿ ‘ಇದು ಒಂದನೇ ಬಗೆಯ ನೀರು, ಇದು ಎರಡನೇ ಬಗೆ’ ಅಂತ ಟಿಕೆಟ್ ಹರಿಯಲು ಬರುವುದಿಲ್ಲ.

ಇದಕ್ಕೆ ಹಳೆಯದೊಂದು ಉಪಾಯ ಇದೆ. ಸ್ಯಾಂಪಲ್‌ಗೆ ಸೇರಿಸುವ ನೀರಿನಲ್ಲಿ ನೂರಕ್ಕೆ ನಾಲ್ಕೈದು ಭಾಗ ಭಾರಜಲ (ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ರೂಪ ಡ್ಯೂಟೀರಿಯಂ ಇರುವ ನೀರು) ಬೆರೆಸಿ. ಆಗ ಬಹುತೇಕ ಡ್ಯೂಟೀರಿಯಂ ಎಲ್ಲ ಎಚ್‌ಒಡಿ (ಒಂದು ಕೈ ಹೈಡ್ರೋಜನ್, ಇನ್ನೊಂದು ಡ್ಯೂಟೀರಿಯಂ) ಅಣುವಾಗಿ ಹರಡಿಕೊಳ್ಳುತ್ತದೆ. ಅದರ ಒ-ಡಿ ಕಂಪನ 2500ರ ಹತ್ತಿರ, ಬಯಲಿನಲ್ಲಿ ಒಂಟಿ ಮರದ ಹಾಗೆ ನಿಲ್ಲುತ್ತದೆ. ಜಗ್ಗಾಟ ಇಲ್ಲ, ಉಂಗುರದ ಪೀಕ್ ಕಾಟ ಇಲ್ಲ. ಅದರ ಜಾಗ ಮತ್ತು ಅಗಲವನ್ನು ನಂಬಿಕೆಯಿಂದ ಓದಬಹುದು. ಎರಡು ಎಚ್ಚರ ಮಾತ್ರ. ಪಕ್ಕದಲ್ಲೇ ಕಾರ್ಬನ್ ಡೈಆಕ್ಸೈಡ್ ಇದೆ, ಯಂತ್ರದೊಳಗೆ ಒಣ ನೈಟ್ರೋಜನ್ ಹರಿಸಿ. ಮತ್ತೆ ಇಮಿಡಜೋಲಿಯಂನ ಎರಡನೇ ಕಾರ್ಬನ್ ಮೇಲಿನ ಹೈಡ್ರೋಜನ್ ಸ್ವಲ್ಪ ಹಗುರ ಕೈಯದು. ಕ್ಷಾರದ ಅಂಶವಿದ್ದರೆ ಅಲ್ಲಿಗೂ ಡ್ಯೂಟೀರಿಯಂ ಹೋಗಿ ಕೂರುತ್ತದೆ.

ಬರೀ ನೀರನ್ನೇ ದಿಟ್ಟಿಸಬೇಡಿ. ಬಾಲದ ಸಿಎಚ್2 ಪೀಕ್‌ಗಳು 2850 ಮತ್ತು 2920ರ ಹತ್ತಿರ ಇರುತ್ತವೆ. ಬಾಲ ನೆಟ್ಟಗಿದ್ದರೆ ಒಂದೆರಡು ಅಂಕಿ ಕೆಳಗೆ, ಬಾಗಿ ತಿರುಚಿದ್ದರೆ ನಾಲ್ಕೈದು ಅಂಕಿ ಮೇಲೆ. ನೀರು ಸೇರಿದಾಗ ಪದರಕ್ಕೆ ಏನಾಯಿತು ಅಂತ ಬಾಲವೇ ಸಾಕ್ಷಿ ಹೇಳುತ್ತದೆ.

ರಾಮನ್ (ಚದುರಿದ ಲೇಸರ್ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅಂತ ನೋಡುವ ವಿಧಾನ) ಬಗ್ಗೆ ನೀವು ಕೇಳಿಲ್ಲ, ಆದರೆ ಗೈಡ್ ಕೇಳುತ್ತಾರೆ. ಅಲ್ಲಿ ನೀರಿನ ಸಿಗ್ನಲ್ ಕ್ಷೀಣ. ಸ್ಯಾಂಪಲ್ ತುಸು ಹಳದಿ ಇದ್ದರೂ 532 ನ್ಯಾನೋಮೀಟರ್ ಲೇಸರ್‌ಗೆ ಫ್ಲೋರೆಸೆನ್ಸ್ (ಸ್ಯಾಂಪಲ್ ತಾನೇ ಹೊಳೆಯುವುದು) ಎದ್ದು ಎಲ್ಲ ಮುಚ್ಚಿಹಾಕುತ್ತದೆ. ಆಗ ಎಲ್ಲರೂ 785 ಲೇಸರ್‌ಗೆ ಹೋಗು ಅಂತಾರೆ. ಹೋಗುವ ಮೊದಲು ಲೆಕ್ಕ ಮಾಡಿ: 785 ಲೇಸರ್‌ನಲ್ಲಿ 3400ರ ಬ್ಯಾಂಡ್ ಬಂದು ಬೀಳುವುದು 1071 ನ್ಯಾನೋಮೀಟರ್‌ಗೆ. ಸಿಲಿಕಾನ್ ಡಿಟೆಕ್ಟರ್‌ಗೆ ಅಲ್ಲಿ ಕಣ್ಣು ಕಾಣುವುದಿಲ್ಲ. ಫ್ಲೋರೆಸೆನ್ಸ್ ಹೋಯಿತು, ಜೊತೆಗೆ ನೀರೂ ಹೋಯಿತು. ಒ-ಡಿ ಬ್ಯಾಂಡ್ ಆದರೆ 977ಕ್ಕೆ ಬೀಳುತ್ತದೆ, ಮಂದವಾದರೂ ಕಾಣುತ್ತದೆ.

ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ ಕೊಡುವ ಸಿಗ್ನಲ್ ಓದುವ ಯಂತ್ರ) ಸಮಯ ಬೆಂಗಳೂರಿನಲ್ಲಿ ಎಲ್ಲಾದರೂ ಸಿಕ್ಕರೆ ಡ್ಯೂಟೀರಿಯಂ ಸ್ಪೆಕ್ಟ್ರಮ್ ತೆಗೆಸಿ. ಪೂರ್ತಿ ಭಾರಜಲ ಹಾಕಿದ ಸ್ಯಾಂಪಲ್ ಸಾಮಾನ್ಯ ದ್ರವವಾಗಿದ್ದರೆ ಒಂದೇ ಗೆರೆ. ಪದರ ರಚನೆಯಿದ್ದರೆ ಆ ಗೆರೆ ಎರಡಾಗಿ ಸೀಳುತ್ತದೆ. ನೀರಿನ ಅಣುಗಳು ಎಲ್ಲ ದಿಕ್ಕಿಗೂ ಸಮನಾಗಿ ತಿರುಗುತ್ತಿಲ್ಲ, ಪದರದ ಗೋಡೆಯ ಮಾತು ಕೇಳುತ್ತಿವೆ ಅಂತ ಅದರ ಅರ್ಥ. ಸೀಳಿನ ಅಗಲ ನೋಡಿದರೆ ಎಷ್ಟು ಕೇಳುತ್ತಿವೆ ಅನ್ನುವುದೂ ಗೊತ್ತಾಗುತ್ತದೆ.

ಇಲ್ಲೊಂದು ಗೊಂದಲ ಬರಬಹುದು. ಐಆರ್‌ನಲ್ಲಿ ಬಗೆಬಗೆಯ ನೀರು ಕಂಡಿತು, ಎನ್‌ಎಂಆರ್‌ನಲ್ಲಿ ಒಂದೇ ಬಗೆ ಕಂಡಿತು (ಆ ಸೀಳು ಒಂದೇ ಬಗೆಯ ನೀರಿನದು), ಯಾವುದು ಸುಳ್ಳು? ಎರಡೂ ನಿಜ. ತಿರುಗುವ ಫ್ಯಾನ್‌ನ ಫೋಟೋ ತೆಗೆದರೆ ಮೂರು ರೆಕ್ಕೆ ಕಾಣುತ್ತವೆ, ಕಣ್ಣಿಗೆ ಒಂದೇ ತಟ್ಟೆ ಕಾಣುತ್ತದೆ. ಐಆರ್ ಫೋಟೋ ಇದ್ದ ಹಾಗೆ, ಒಂದು ಕ್ಷಣವನ್ನು ಹಿಡಿಯುತ್ತದೆ; ಎನ್‌ಎಂಆರ್ ಕಣ್ಣಿದ್ದ ಹಾಗೆ, ನಿಧಾನ, ಎಲ್ಲದರ ಸರಾಸರಿ ನೋಡುತ್ತದೆ.

ಈಗ ನೀವು ಏನು ಮಾಡಬಹುದು. ಒಂದು ದಾರಿ, ನೀರನ್ನು ಪೂರ್ತಿ ಓಡಿಸುವುದು. ಹೆಚ್ಚು ಒಳ್ಳೆಯ ವ್ಯಾಕ್ಯೂಮ್, ನೀರು ಹೀರುವ ರಂಜಕದ ಪೆಂಟಾಕ್ಸೈಡ್, ಗ್ಲೋವ್ ಬಾಕ್ಸ್ (ಹೊರಗಿನ ತೇವ ಒಳಗೆ ಬಾರದ ಮುಚ್ಚಿದ ಪೆಟ್ಟಿಗೆ). ಖರ್ಚಿನ ದಾರಿ, ಅಲ್ಲದೆ ನಿಮ್ಮ ವಿಷಯವೇ ನೀರು! ಓಡಿಸಿ ನೋಡುವುದೇನು? ಒಂದು ಒಣ ಸ್ಯಾಂಪಲ್ ಹೋಲಿಕೆಗೆ ಬೇಕು, ಅಷ್ಟೇ. ಇಲ್ಲೊಂದು ಅಪಾಯ ಹೇಳಲೇಬೇಕು. ಮುಂದೆ ಫ್ಲೋರೋಫಾಸ್ಫೇಟ್ ಅಥವಾ ಫ್ಲೋರೋಬೋರೇಟ್ ಉಪ್ಪಿಗೆ ಹೋದರೆ, ಒದ್ದೆ ಸ್ಯಾಂಪಲನ್ನು ಹೀಗೆ ಬಿಸಿ ಮಾಡಬೇಡಿ. ನೀರಿನ ಜೊತೆ ಅವು ಒಡೆದು ಹೈಡ್ರೋಜನ್ ಫ್ಲೋರೈಡ್ ಬರುತ್ತದೆ. ಗಾಜಿನ ಬಾಟಲಿ ಒಳಗೆ ಮಂಜಾದರೆ ಅದೇ ಸೂಚನೆ. ಅದು ಗಾಜನ್ನೇ ತಿನ್ನುತ್ತದೆ, ಕೈಯನ್ನು ಬಿಡುತ್ತದೆಯೇ?

ನಾನಾದರೆ ಹಿಡಿಯುವ ದಾರಿ ಬೇರೆ. ನೀರನ್ನು ತಪ್ಪು ಅಂತ ನೋಡುವುದು ಬಿಟ್ಟು, ಅದನ್ನು ನಿಮ್ಮ ಕೈಗೆ ತೆಗೆದುಕೊಳ್ಳಿ. ನಾಲ್ಕು ಗಾಜಿನ ಡಬ್ಬಿ, ಬಿಗಿ ಮುಚ್ಚಳ. ಒಂದೊಂದರ ತಳದಲ್ಲಿ ಒಂದೊಂದು ಉಪ್ಪಿನ ಸಂತೃಪ್ತ ದ್ರಾವಣ. 25 ಡಿಗ್ರಿಯಲ್ಲಿ ಲಿಥಿಯಂ ಕ್ಲೋರೈಡ್ ಇದ್ದ ಡಬ್ಬಿಯೊಳಗೆ ಗಾಳಿಯ ತೇವ 11%, ಮೆಗ್ನೀಸಿಯಂ ಕ್ಲೋರೈಡ್‌ಗೆ 33%, ಅಡುಗೆ ಉಪ್ಪಿಗೆ 75%, ಪೊಟ್ಯಾಸಿಯಂ ಸಲ್ಫೇಟ್‌ಗೆ 97%. ತಳದಲ್ಲಿ ಕರಗದ ಉಪ್ಪು ಕಾಣುತ್ತಿರಬೇಕು, ಇಲ್ಲದಿದ್ದರೆ ಅದು ಸಂತೃಪ್ತವಲ್ಲ. ಮೇಲೆ ಚಿಕ್ಕ ಬಟ್ಟಲಲ್ಲಿ ಸ್ಯಾಂಪಲ್. ತೂಕ ನಿಲ್ಲುವವರೆಗೆ ದಿನಾ ತೂಗಿ. ನಿಂತ ಮೇಲೆ ಒಂದು ಭಾಗವನ್ನು ಒಣ ಮೆಥನಾಲ್‌ನಲ್ಲಿ ಕರಗಿಸಿ ಕಾರ್ಲ್ ಫಿಶರ್ ಟೈಟ್ರೇಶನ್‌ಗೆ (ನೀರು ಎಷ್ಟಿದೆ ಅಂತ ಅಳೆಯುವ ಪರೀಕ್ಷೆ), ಇನ್ನೊಂದು ಭಾಗ ಕೂಡಲೇ ಫ್ಲೋರೈಡ್ ಕಿಟಕಿಗಳ ನಡುವೆ. ಲ್ಯಾಬ್‌ನ ಉಷ್ಣತೆ ಬರೆದಿಡಿ. ಹಗಲು 38, ರಾತ್ರಿ 27 ಆಗುವ ಕೋಣೆಯಲ್ಲಿ ತೇವ ಹೆಚ್ಚಿರುವ ಡಬ್ಬಿಯ ಗೋಡೆಗೆ ಹನಿ ಕೂತು ಲೆಕ್ಕ ತಪ್ಪುತ್ತದೆ. ಇದೊಂದೇ ಈ ದಾರಿಯ ತೊಡಕು. ಪಟ್ಟುಹಿಡಿದು ಕೂತು ಒಂದು ತಿಂಗಳು ಮಾಡಿದರೆ ‘ಜೋಡಿಗೆ ಇಷ್ಟು ನೀರಿದ್ದಾಗ ಬ್ಯಾಂಡ್ ಇಲ್ಲಿ, ಇಷ್ಟಿದ್ದಾಗ ಅಲ್ಲಿ’ ಅಂತ ಒಂದು ಗೆರೆ ಸಿಗುತ್ತದೆ. ಆ ಗೆರೆ ಎಲ್ಲಿ ಬಾಗುತ್ತದೋ ಅಲ್ಲಿ ನೀರು ಕ್ಲೋರೈಡ್ ಬಿಟ್ಟು ನೀರಿನ ಕೈ ಹಿಡಿಯಲು ಶುರು ಮಾಡಿರಬಹುದು.

ಇದೆಲ್ಲ ಯಾಕೆ ಬೇಕು ಅಂತ ಊರಲ್ಲಿ ಕೇಳಿದರೆ ಹೇಳಲು ಉತ್ತರವೂ ಇದೆ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ ತಕಾಶಿ ಕಾಟೊ ಅವರ ತಂಡ ಅಯಾನಿಕ್ ಲಿಕ್ವಿಡ್ ಕ್ರಿಸ್ಟಲ್‌ನಿಂದ ನೀರು ಶೋಧಿಸುವ ಪೊರೆಗಳನ್ನು ಮಾಡಿದೆ. ರಂಧ್ರಗಳು ಒಂದು ನ್ಯಾನೋಮೀಟರ್‌ಗಿಂತ ಕಿರಿದು. ಅದರೊಳಗಿನ ನೀರನ್ನು ಜಪಾನಿನ ಸ್ಪ್ರಿಂಗ್-8 ಸಿಂಕ್ರೊಟ್ರಾನ್‌ನಲ್ಲಿ (ಬಹಳ ತೀಕ್ಷ್ಣ ಎಕ್ಸ್-ರೇ ಕೊಡುವ ದೊಡ್ಡ ಯಂತ್ರ) ಮೃದು ಎಕ್ಸ್-ರೇ ಎಮಿಷನ್ ಸ್ಪೆಕ್ಟ್ರೋಸ್ಕೋಪಿಯಿಂದ ನೋಡಿ, ಯಾವ ಅಯಾನನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಅನ್ನುವುದರಲ್ಲಿ ರಂಧ್ರದ ಅಳತೆಯ ಜೊತೆ ಒಳಗಿನ ನೀರಿನ ಹೈಡ್ರೋಜನ್ ಬಂಧಕ್ಕೂ ಪಾಲಿದೆಯೇ ಅಂತ ಹುಡುಕಿದರು. ಈ ವಿಧಾನ ಆಮ್ಲಜನಕದ ಎಲೆಕ್ಟ್ರಾನ್‌ಗಳನ್ನೇ ಓದುತ್ತದೆ. ನಿಮಗೆ ಈಗ ಬೇಕಿಲ್ಲ. ಎಕ್ಸ್-ರೇ ಹೊಡೆತಕ್ಕೆ ಸ್ಯಾಂಪಲ್ ಸುಟ್ಟುಹೋಗುವ ಭಯವೂ ಇದೆ.

ಇನ್ನು ಮಾವನ ಯಂತ್ರ. ನಿಮ್ಮ ಸ್ಯಾಂಪಲ್‌ನಲ್ಲಿ ನೀರಿಗೆ ಬೇರೆ ರಚನೆ ಬಂದಿರುವುದು ಪಕ್ಕದಲ್ಲಿ ಅಯಾನ್‌ಗಳ ಗೋಡೆ ಇರುವುದರಿಂದ. ಅದೇ ನೀರನ್ನು ಹೊರಗೆ ತೆಗೆದು ಲೋಟಕ್ಕೆ ಹಾಕಿ, ಮಾಮೂಲಿ ನೀರು. ಲೋಟದ ನೀರಿನಲ್ಲಿ ಹೈಡ್ರೋಜನ್ ಬಂಧಗಳು ಪಿಕೋಸೆಕೆಂಡ್ ಲೆಕ್ಕದಲ್ಲಿ ಮುರಿದು ಕೂಡುತ್ತವೆ. ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಯಂತ್ರ ಏನೇ ರಚನೆ ಕಟ್ಟಿದರೂ ನಲ್ಲಿಯಿಂದ ಲೋಟಕ್ಕೆ ಬೀಳುವಷ್ಟರಲ್ಲಿ ಅದು ಕೋಟಿಗಟ್ಟಲೆ ಸಲ ಅಳಿಸಿಹೋಗಿರುತ್ತದೆ. ಮಾವನಿಗೆ ಪಿಕೋಸೆಕೆಂಡ್ ಬೇಡ ಅಂದರೆ ಇಷ್ಟು ಕೇಳಿ: ನಿಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ? ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳಲ್ಲಿ ಇದೇ ನಿಜವಾದ ತೊಂದರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಮಾರುವವನು ಕಿಸೆಯಿಂದ ತೆಗೆದು ಅದ್ದುವ ಟಿಡಿಎಸ್ ಮೀಟರ್ ಇದನ್ನು ತೋರಿಸುವುದಿಲ್ಲ. ಅದು ಕರಗಿದ ಉಪ್ಪನ್ನೆಲ್ಲ ಒಟ್ಟಾಗಿ ಹೇಳುತ್ತದೆ, ಅಷ್ಟೇ. ಶುಕ್ರವಾರ ಊರಿಗೆ ಹೋಗುವಾಗ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಹೋಗಿ, ಬೋರ್‌ವೆಲ್ ಐದು ನಿಮಿಷ ಓಡಿಸಿ ತುಂಬಿಸಿ, ನಿಮ್ಮ ಲ್ಯಾಬ್‌ನಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್ ಇದ್ದರೆ ನೀವೇ ಅಳೆಯಿರಿ. ಇಲ್ಲದಿದ್ದರೆ ಕುಡಿಯುವ ನೀರಿನ ಪರೀಕ್ಷೆ ಮಾಡುವ ಸರ್ಕಾರಿ ಲ್ಯಾಬ್‌ಗೆ ಕೊಡಿ. ಆ ಅಂಕಿ ಬರುವವರೆಗೆ ಮಾವ ಮುಂಗಡ ಕೊಡದಿರಲಿ.